ವಾಟರ್ ಪಾರ್ಕಿಗೆ ಹೊರಟೀರಾ? ಮೊದಲು ಎತ್ತರ ಅಳೆಯಿರಿ

ವಿದ್ಯಾರ್ಥಿಗಳೇ, ದಸರಾ ರಜೆ ಹತ್ತಿರ ಬಂತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನಮ್ಮ ತರಗತಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಸರ್, ನಾವು ವಂಡರ್‌ಲಾಕ್ಕ ಹೊಂಟೀವ್ರಿ." ಹೋಗಿ ಬಂದವರು ಕಥೆ ಹೇಳುತ್ತಾರೆ, ಹೋಗದವರು ಬಾಯಿ ಬಿಟ್ಟು ಕೇಳುತ್ತಾರೆ. ಮನೆಗೆ ಹೋಗಿ ಕೇಳಿದರೆ ಅಪ್ಪ, "ಎಷ್ಟ್ ಖರ್ಚಾಗ್ತದ ಗೊತ್ತದೇನು?" ಅಂತಾರೆ. ನ್ಯಾಯವಾದ ಪ್ರಶ್ನೆಯೇ. ಸುಮ್ಮನೆ ಹಟ ಮಾಡುವುದಕ್ಕಿಂತ ಒಂದು ಹಾಳೆ ತಗೊಂಡು ಲೆಕ್ಕ ಬರೆದು ತೋರಿಸಿ. ಅಪ್ಪ ಒಪ್ಪದಿದ್ದರೂ ಲೆಕ್ಕವಂತೂ ಓದುತ್ತಾರೆ.

ಈ ಪಾರ್ಕು ಮೊದಲು ಶುರುವಾದದ್ದು 2000ರಲ್ಲಿ ಕೊಚ್ಚಿಯಲ್ಲಿ, ಆಗ ಅದರ ಹೆಸರು ವೀಗಾಲ್ಯಾಂಡ್. 2005ರಲ್ಲಿ ಬೆಂಗಳೂರಿನ ಬಿಡದಿ ಹತ್ತಿರ, 2016ರಲ್ಲಿ ಹೈದರಾಬಾದಿನ ರಾವಿರ್ಯಾಲದಲ್ಲಿ ಬಂತು. ರಾವಿರ್ಯಾಲ ಔಟರ್ ರಿಂಗ್ ರೋಡಿನ ಪಕ್ಕದಲ್ಲೇ ಇರುವುದು ನಮಗೆ ಅನುಕೂಲ. ಮಕ್ತಲ್, ನಾರಾಯಣಪೇಟೆಯವರು ಮರಿಕಲ್, ದೇವರಕದ್ರ, ಮಹಬೂಬನಗರ ದಾಟಿ ಜಡ್ಚರ್ಲಾದಲ್ಲಿ ದೊಡ್ಡ ಹೆದ್ದಾರಿ ಹಿಡಿಯುತ್ತೀರಿ. ಗದ್ವಾಲದವರು ಎರ್ರವಳ್ಳಿ ಚೌರಸ್ತಾದಲ್ಲೇ ಹಿಡಿಯುತ್ತೀರಿ. ಆಮೇಲೆ ಎಲ್ಲರದೂ ಒಂದೇ ದಾರಿ: ಶಾದ್‌ನಗರ, ಶಂಷಾಬಾದ್, ಅಲ್ಲಿಂದ ರಿಂಗ್ ರೋಡು. ಊರೊಳಗಿನ ಟ್ರಾಫಿಕ್ಕಿಗೆ ಹೋಗುವ ಕೆಲಸವೇ ಇಲ್ಲ. ರೈಲಿನಲ್ಲಿ ಕಾಚಿಗೂಡ ತನಕ ಹೋದರೆ ಮಾತ್ರ ಊರೆಲ್ಲ ದಾಟಿ ಮತ್ತೆ ಹೊರಗೆ ಬರಬೇಕು.

ಮೂರೂ ಊರಿಂದ 160ರಿಂದ 190 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ, ನಾಲ್ಕು ತಾಸಿನ ದಾರಿ. ಬೆಳಿಗ್ಗೆ ಆರಕ್ಕೆ ಮನೆ ಬಿಡಬೇಕು. ಇನ್ನು ಬಸ್ಸಿನ ಖರ್ಚು. 2023ರ ಡಿಸೆಂಬರ್‌ನಿಂದ ಮಹಾಲಕ್ಷ್ಮಿ ಯೋಜನೆಯಲ್ಲಿ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ತೆಲಂಗಾಣದ ಹೆಣ್ಣುಮಕ್ಕಳಿಗೆಲ್ಲ ಜೀರೋ ಟಿಕೆಟ್. ಅವ್ವ, ಅಕ್ಕ, ಅಜ್ಜಿ ಆಧಾರ್ ಕಾರ್ಡು ಮರೆಯದಿದ್ದರೆ ಆಯಿತು. ಶಂಷಾಬಾದಿನಿಂದ ಮುಂದಿನ ಆಟೋ ಖರ್ಚು ಬೇರೆ ಬರೆಯಿರಿ, ಅದನ್ನೇ ಎಲ್ಲರೂ ಮರೆಯುತ್ತಾರೆ.

ಟಿಕೆಟ್ಟಿನಲ್ಲಿ ಒಂದು ವಿಚಿತ್ರ ಇದೆ. ಅಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. 140 ಸೆಂಟಿಮೀಟರ್ ದಾಟಿದರೆ ದೊಡ್ಡವರ ಟಿಕೆಟ್. ಆರನೇ ತರಗತಿಯ ತಮ್ಮ ಉದ್ದ ಬೆಳೆದಿದ್ದರೆ ಅವನೂ ದೊಡ್ಡವನೇ. ಆದ್ದರಿಂದ ಮನೆಯ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು, ಟೇಪಿನಿಂದ ಅಳೆಯಿರಿ. ಎತ್ತರ ಯಾಕೆ ಮುಖ್ಯ ಅಂದರೆ, ರೈಡಿನ ಸೀಟಿನ ಪಟ್ಟಿ ಮತ್ತು ಕಬ್ಬಿಣದ ಅಡ್ಡಕಂಬಿ ಒಂದು ಅಳತೆಯ ದೇಹಕ್ಕೆ ಮಾಡಿದ್ದು. ಚಿಕ್ಕ ದೇಹ ಅದರ ಕೆಳಗಿಂದ ಜಾರಬಹುದು. ಗೇಟಿನಲ್ಲಿ ನಿಂತವರು "ಬೇಡ" ಅಂದರೆ ಅಪ್ಪನ ಕಡೆಯಿಂದ ಜಗಳ ಮಾಡಿಸಬೇಡಿ.

ನಮ್ಮೂರಿನವರಿಗೆ ಇನ್ನೊಂದು ವಿಚಿತ್ರ. ನಾರಾಯಣಪೇಟೆ, ಗದ್ವಾಲ ಅಂದರೆ ಸೀರೆ, ಮಗ್ಗ, ಹತ್ತಿ ನೂಲು. ಅಲ್ಲಿ ನೀರಿಗೆ ಇಳಿಯಲು ಹತ್ತಿ ಬಟ್ಟೆಗೇ ಪ್ರವೇಶವಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು! ಹತ್ತಿಯ ನಾರು ನೀರಿಗೆ ಬಲು ಪ್ರಿಯ. ನೀರಲ್ಲಿ ಅದ್ದುವ ಮಾತು ಹಾಗಿರಲಿ, ಸಾಮಾನ್ಯ ಗಾಳಿಯಿಂದಲೇ ಒಣ ಹತ್ತಿ ತನ್ನ ತೂಕದ ಸುಮಾರು 8 ಶೇಕಡಾ ತೇವ ಹಿಡಿದಿರುತ್ತದೆ. ನೈಲಾನ್ 4 ಶೇಕಡಾ, ಪಾಲಿಯೆಸ್ಟರ್ ಅರ್ಧ ಶೇಕಡಾವೂ ಇಲ್ಲ. ತೊಯ್ದ ಹತ್ತಿ ಭಾರವಾಗಿ ಮೈಗೆ ಅಂಟುತ್ತದೆ, ಜಾರುಬಂಡಿಯಲ್ಲಿ ಘರ್ಷಣೆ ಹೆಚ್ಚಿಸುತ್ತದೆ, ಅದರ ಎಳೆ ಉದುರಿ ನೀರು ಸೋಸುವ ಫಿಲ್ಟರಿಗೆ ಸಿಗುತ್ತದೆ. ನಂಬಿಕೆ ಬರದಿದ್ದರೆ ಒಂದು ಹತ್ತಿ ಟವೆಲ್ ಮತ್ತು ಒಂದು ಪಾಲಿಯೆಸ್ಟರ್ ಶರ್ಟನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಣಗಿದ್ದಾಗ ಒಮ್ಮೆ, ತೊಯಿಸಿ ಒಂದು ನಿಮಿಷ ಸೋರಿಸಿದ ಮೇಲೆ ಒಮ್ಮೆ ತೂಗಿ ನೋಡಿ. ಊರಲ್ಲೇ ಪಾಲಿಯೆಸ್ಟರ್ ಟಿ-ಶರ್ಟು, ಚಡ್ಡಿ ಇದ್ದರೆ ಒಯ್ಯಿರಿ, ಅಲ್ಲಿ ಕೊಳ್ಳುವ ಖರ್ಚು ಉಳಿಯಿತು.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ರೊಟ್ಟಿ ಬುತ್ತಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದರೆ ದಾರಿಯಲ್ಲೇ ಹತ್ತು ಗಂಟೆಯೊಳಗೆ ಉಂಡುಬಿಡಿ. ಉಂಡ ಕೂಡಲೇ ತಿರುಗುವ ರೈಡಿಗೆ ಹತ್ತಿದರೆ ಏನಾಗುತ್ತದೆ? ಒಳಕಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿವೆ, ಅದರಲ್ಲಿ ದ್ರವ ಇದೆ. ನೀವು ತಿರುಗಿದಾಗ ಅದೂ ತಿರುಗುತ್ತದೆ, ನೀವು ನಿಂತರೂ ಅದು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಕಣ್ಣು "ನಿಂತೀವಿ" ಅನ್ನುತ್ತದೆ, ಕಿವಿ "ಇಲ್ಲ, ತಿರುಗಾಕತ್ತೀವಿ" ಅನ್ನುತ್ತದೆ. ಈ ಜಗಳದಲ್ಲಿ ತೊಂದರೆ ಪಡುವುದು ಹೊಟ್ಟೆ.

ರೋಲರ್ ಕೋಸ್ಟರ್ ಬಗ್ಗೆ ನೀವು ಬಹಳ ಕೇಳುತ್ತೀರಿ, ಅದಕ್ಕೆ ಒಂದೇ ಲೆಕ್ಕ ಹೇಳುತ್ತೇನೆ. ಗಾಡಿ ಎತ್ತರಕ್ಕೆ ಹೋದಾಗ ಪ್ರಚ್ಛನ್ನ ಶಕ್ತಿ ಕೂಡಿಸಿಕೊಳ್ಳುತ್ತದೆ, ಬೀಳುವಾಗ ಅದು ಚಲನ ಶಕ್ತಿಯಾಗುತ್ತದೆ. 20 ಮೀಟರ್ ಇಳಿದರೆ ವೇಗ 2 × 9.8 × 20ರ ವರ್ಗಮೂಲ: ಸೆಕೆಂಡಿಗೆ 19.8 ಮೀಟರ್, ಅಂದರೆ ತಾಸಿಗೆ ಸುಮಾರು 71 ಕಿಲೋಮೀಟರ್. ಘರ್ಷಣೆ, ಗಾಳಿ ಸ್ವಲ್ಪ ಕಸಿದುಕೊಳ್ಳುತ್ತವೆ. ಲೆಕ್ಕದಲ್ಲಿ ದ್ರವ್ಯರಾಶಿಯೇ ಇಲ್ಲ ನೋಡಿ, ದಪ್ಪ ಕಾಕಾನ ವೇಗವೂ ನಿಮ್ಮ ವೇಗವೂ ಒಂದೇ. ಬಿ.ಪಿ., ಹೃದಯದ ತೊಂದರೆ, ಬೆನ್ನು-ಕುತ್ತಿಗೆ ನೋವು ಇರುವವರು, ಬಸುರಿ ಹೆಂಗಸರು ಇಂಥವಕ್ಕೆ ಹತ್ತಬಾರದು. ಅಜ್ಜಿಯನ್ನು "ಏನೂ ಆಗಲ್ಲ ಬಾ" ಅಂತ ಎಳೆಯಬೇಡಿ.

ಈಗ ನಾನು ಈ ಲೇಖನ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ.

ನಾಲ್ಕು ವರ್ಷದ ಹಿಂದೆ ಅಕ್ಕನ ಮನೆಯವರ ಜೊತೆ ಒಂದು ವಾಟರ್ ಪಾರ್ಕಿಗೆ ಹೋಗಿದ್ದೆ. ಅಕ್ಕನ ಮಗನಿಗೆ ಆಗ ಏಳು ವರ್ಷ. ಅಲೆ ಬರುವ ಕೊಳದಲ್ಲಿ ಅವನ ಎದೆಮಟ್ಟ ನೀರು. "ಮಾಮಾ, ಇಲ್ಲಿ ನೆಲ ಸಿಗ್ತದ" ಅಂದ. ನನಗೂ ಸರಿ ಅನ್ನಿಸಿತು. ಸೈರನ್ ಆಯಿತು, ಅಲೆ ಬಂತು, ನಾನು ಫೋಟೋ ತೆಗೆಯಲು ಮೊಬೈಲ್ ಎತ್ತಿದೆ. ಫೋಟೋದಲ್ಲಿ ಅವನು ನಗುತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ದಂಡೆಯಲ್ಲಿದ್ದ ಲೈಫ್‌ಗಾರ್ಡ್ ಸೀಟಿ ಊದಿ ಹಾರಿ ಅವನನ್ನು ಎತ್ತಿಕೊಂಡ. ಹುಡುಗ ಕೆಮ್ಮಿ ಕೆಮ್ಮಿ ನೀರು ಉಗುಳಿದ. ಏನೂ ಆಗಲಿಲ್ಲ. ಆದರೆ ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಭೌತಶಾಸ್ತ್ರ ಕಲಿಸುವವನು, ನನಗೆ ಗೊತ್ತೇ ಆಗಲಿಲ್ಲ.

ಆ ರಾತ್ರಿ ಮಾಡಿದ ಲೆಕ್ಕ ಇದು. ಅವನ ಎತ್ತರ 118 ಸೆಂಟಿಮೀಟರ್, ಬಾಯಿ ನೆಲದಿಂದ ಸುಮಾರು 100 ಸೆಂಟಿಮೀಟರ್. ನಿಂತ ನೀರು 85 ಇತ್ತು ಅನ್ನಿ. ಅದರ ಮೇಲೆ 30 ಸೆಂಟಿಮೀಟರ್ ಅಲೆ ಬಂದರೆ 115. ಬಾಯಿ ಮುಳುಗಿತು. ಇಷ್ಟೇ ಅಲ್ಲ. ಎದೆಮಟ್ಟ ನೀರಲ್ಲಿ ನಿಂತಾಗ ಆರ್ಕಿಮಿಡೀಸ್ ಹೇಳಿದ ಪ್ಲವನ ಬಲ ನಿಮ್ಮನ್ನು ಮೇಲೆತ್ತುತ್ತದೆ, ಪಾದದ ಮೇಲೆ ಉಳಿಯುವುದು ನಿಮ್ಮ ತೂಕದ ಮೂರನೇ ಒಂದು ಭಾಗದಷ್ಟೇ. ಘರ್ಷಣೆ ಪಾದ ನೆಲವನ್ನು ಎಷ್ಟು ಒತ್ತುತ್ತದೆ ಎಂಬುದನ್ನು ಅವಲಂಬಿಸಿದೆ. ಒತ್ತು ಕಡಿಮೆ ಆದರೆ ಹಿಡಿತವೂ ಕಡಿಮೆ. ನೆಲ ಸಿಗುತ್ತದೆ, ಆದರೆ ಕಾಲು ನಿಲ್ಲುವುದಿಲ್ಲ. ಅದಕ್ಕೇ ಅಲೆಕೊಳದಲ್ಲಿ ಚಿಕ್ಕವರು ಸೊಂಟಕ್ಕಿಂತ ಮೇಲಿನ ನೀರಿಗೆ ಹೋಗಬಾರದು, ಲೈಫ್ ಜಾಕೆಟ್ ಹಾಕಬೇಕು, ಒಬ್ಬ ದೊಡ್ಡವರು ಕೈಯಳತೆಯಲ್ಲಿ ಇರಬೇಕು. ಯಾರು ಯಾರನ್ನು ನೋಡಬೇಕು ಅಂತ ಮನೆಯಲ್ಲೇ ಹೆಸರು ಹಿಡಿದು ಹಂಚಿಕೊಳ್ಳಿ. "ಎಲ್ರೂ ನೋಡ್ತಾರ" ಅಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.

ಹುಡುಗ ಯಾಕೆ ಕೂಗಲಿಲ್ಲ? ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ಕೂಗುತ್ತಾರೆ. ಅಮೆರಿಕದ ಲೈಫ್‌ಗಾರ್ಡ್ ಫ್ರಾಂಕ್ ಪಿಯಾ ನಿಜವಾಗಿ ಮುಳುಗುವವರನ್ನು ಗಮನಿಸಿ ಬೇರೆಯೇ ವಿವರಿಸಿದರು. ಬಾಯಿ ನೀರಿನ ಮೇಲೆ ಬರುವ ಕ್ಷಣದಲ್ಲಿ ಉಸಿರು ಎಳೆಯುವುದೇ ಕಷ್ಟ, ಕೂಗಲು ಉಸಿರೆಲ್ಲಿ? ಕೈಗಳು ಬೀಸುವುದಿಲ್ಲ, ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತವೆ. ದೇಹ ನೆಟ್ಟಗೆ ನಿಂತಿರುತ್ತದೆ, ತಲೆ ಹಿಂದಕ್ಕೆ ಬಾಗಿರುತ್ತದೆ. ಹೀಗೆ 20ರಿಂದ 60 ಸೆಕೆಂಡ್, ಆಮೇಲೆ ಮುಳುಗುತ್ತಾರೆ. ಸದ್ದಿಲ್ಲದೆ.

ಪಾರ್ಕಿನಲ್ಲಿ ಸೀಟಿ ಊದುವವನೊಬ್ಬ ಇರುತ್ತಾನೆ. ಜುರಾಲ ಹಿನ್ನೀರಿನಲ್ಲಿ, ಕಾಲುವೆಯಲ್ಲಿ, ಹೊಲದ ಬಾವಿಯಲ್ಲಿ, ಕೃಷ್ಣೆಯ ಮಡುವಿನಲ್ಲಿ ಯಾರೂ ಇರುವುದಿಲ್ಲ, ನೀವಷ್ಟೇ. ಟಿಕೆಟ್ ಇಲ್ಲದ ಆ ನೀರಿಗೆ ನಿಮ್ಮಲ್ಲಿ ಎಷ್ಟು ಜನ ಬೇಸಿಗೆಯಲ್ಲಿ ಹೋಗುತ್ತೀರಿ ನನಗೆ ಗೊತ್ತು. ಗೆಳೆಯ ಮುಳುಗುತ್ತಿದ್ದರೆ ಹಾರಬೇಡಿ, ಅವನು ನಿಮ್ಮನ್ನೇ ಹಿಡಿದು ಕೆಳಗೆ ತಳ್ಳುತ್ತಾನೆ. ಕೂಗಿ ದೊಡ್ಡವರನ್ನು ಕರೆಯಿರಿ, ಹಗ್ಗ, ಕೋಲು, ಟವೆಲ್ ಏನಾದರೂ ಚಾಚಿ. ಮುಚ್ಚಳ ಬಿಗಿದ 5 ಲೀಟರ್ ಖಾಲಿ ಕ್ಯಾನ್ ಎಸೆಯಿರಿ. ಅದು ಸುಮಾರು 5 ಕಿಲೋ ಭಾರ ಹೊರುತ್ತದೆ, ನೀರಿನ ಮೇಲೆ ತಲೆ ಹಿಡಿದಿಡಲು ಸಾಕು.

ಕ್ಲೋರಿನ್ ಬಗ್ಗೆಯೂ ಕೇಳಿದ್ದಿರಿ. ಕೊಳದ ಹತ್ತಿರ ಬರುವ ಘಾಟು ವಾಸನೆ ಬರೀ ಕ್ಲೋರಿನ್ನಿನದಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ಗಳದ್ದು. ಕಣ್ಣು ಕೆಂಪಾಗುವುದಕ್ಕೂ ಅವೇ ಕಾರಣ. ಇಳಿಯುವ ಮುಂಚೆ ಶವರ್ ಕೆಳಗೆ ನಿಲ್ಲಿ, ನೀರೊಳಗೆ... ಅದನ್ನು ಬಿಡಿಸಿ ಹೇಳಬೇಕಿಲ್ಲ. ಭೇದಿ ಆಗುತ್ತಿದ್ದರೆ ಆ ದಿನ ನೀರಿಗೆ ಇಳಿಯಲೇಬಾರದು, ಕೆಲವು ರೋಗಾಣುಗಳು ಕ್ಲೋರಿನ್ ನೀರಲ್ಲೂ ದಿನಗಟ್ಟಲೆ ಬದುಕುತ್ತವೆ.

ಅಕ್ಕನ ಮಗನಿಗೆ ಈಗ ಹನ್ನೊಂದು. ಈ ರಜೆಗೆ ಮತ್ತೆ ಹೊರಟಿದ್ದೇವೆ. ಗೋಡೆಗೆ ಹಚ್ಚಿ ಅಳೆದೆ, 139 ಸೆಂಟಿಮೀಟರ್. "ಮಾಮಾ, ಲಗೂನ ಹೋಗೋಣ್ರಿ, ಇಲ್ಲಾಂದ್ರ ದೊಡ್ಡವರ ಟಿಕೆಟ್ ಆಗ್ತದ" ಅಂತ ಅವನದೇ ಅವಸರ.