ಬೊಚ್ಚುಬಾಯಿಯ ಪರಿಭಾಷೆ

ಆಗ ತಾನೇ ಹುಟ್ಟಿದ ಮಗುವಿನ ಬಾಯಿ ಬೋಳಾಗಿ ಕಂಡರೂ ಖಾಲಿಯಲ್ಲ. ಹಾಲುಹಲ್ಲುಗಳು ಆಗಲೇ ದವಡೆಯೊಳಗೆ ರೂಪುಗೊಳ್ಳುತ್ತಿರುತ್ತವೆ. ಅವುಗಳನ್ನು ಮುಚ್ಚಿಕೊಂಡು ನಸುಗೆಂಪಿನ, ದಪ್ಪನೆಯ ವಸಡಿನ ದಿಂಡು ಇರುತ್ತದೆ. ಮೇಲಿನದು ಕುದುರೆ ಲಾಳದ ಆಕಾರ, ಕೆಳಗಿನದು ಇಂಗ್ಲಿಷಿನ ಯು ಅಕ್ಷರದಂತೆ. ಸಣ್ಣ ಗೀರುಗಳು ಒಂದೊಂದು ದಿಂಡನ್ನೂ ಹತ್ತು ಭಾಗ ಮಾಡಿರುತ್ತವೆ, ಭಾಗಕ್ಕೊಂದು ಹಾಲುಹಲ್ಲು.

ಬ್ರೆಜಿಲಿನ ದಂತವೈದ್ಯರು ಈ ದಿಂಡನ್ನು ಪೋರ್ಚುಗೀಸಿನಲ್ಲಿ ‘ರೊದೆತೆ ಜೆಂಜಿವಾಲ್’ ಎನ್ನುತ್ತಾರೆ. ‘ರೊದ’ ಎಂದರೆ ಚಕ್ರ. ನಿಘಂಟನ್ನಷ್ಟೇ ನಂಬಿ ಇಂಗ್ಲಿಷಿಗೆ ತರಲು ಹೊರಟವರು ವಸಡಿನ ಚಕ್ರಕ್ಕೋ ನೂಲಿನ ಉರುಳೆಗೋ ಹೋಗಿ ನಿಲ್ಲುತ್ತಾರೆ. ಇಂಗ್ಲಿಷ್ ಪಠ್ಯಪುಸ್ತಕಗಳು ಇದನ್ನು ‘ಗಮ್ ಪ್ಯಾಡ್’ ಎಂದು ಕರೆಯುತ್ತವೆ. ಒಂದು ಪದದಿಂದ ಇನ್ನೊಂದನ್ನು ಊಹಿಸಲು ದಾರಿಯೇ ಇಲ್ಲ. ಮಗುವಿನ ಬಾಯಿಯ ಚಿತ್ರ ಕಣ್ಣಮುಂದೆ ಇದ್ದವರಿಗೆ ಮಾತ್ರ ಎರಡೂ ಒಂದೇ ಎಂದು ಗೊತ್ತಾಗುತ್ತದೆ.

ಅನುವಾದ ಪೋರ್ಚುಗೀಸಿನಿಂದಲೇ ಏಕೆ ಎಂದು ಕೇಳಬಹುದು. ಹಸುಗೂಸುಗಳ ಬಾಯಿಯ ಬಗ್ಗೆ ಬ್ರೆಜಿಲಿನಲ್ಲಿ ನಡೆದ ಕೆಲಸ ದೊಡ್ಡದು. ಪರಾನಾ ರಾಜ್ಯದ ಲೊಂದ್ರಿನಾ ನಗರದ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಮಧ್ಯಭಾಗದಲ್ಲೇ ಲೂಯಿಸ್ ವಾಲ್ಟರ್ ಅವರ ಮುಂದಾಳತ್ವದಲ್ಲಿ ಶಿಶುಗಳಿಗೆಂದೇ ದಂತ ಚಿಕಿತ್ಸಾಲಯ ಶುರುವಾಯಿತು. ಹಲ್ಲು ಹುಳುಕಾದ ಮೇಲೆ ಬರುವುದಲ್ಲ, ಮೊದಲ ವರ್ಷದಲ್ಲೇ ಮಗುವನ್ನು ಕರೆತನ್ನಿ ಎಂಬುದು ಅಲ್ಲಿನ ಪಾಠ. ಇಂಥ ಕೆಲಸದ ಬಹುಪಾಲು ಬರಹ ಪೋರ್ಚುಗೀಸಿನಲ್ಲಿದೆ. ಹೊರಗಿನವರ ಕೈಗೆ ಸಿಗುವುದು ಹೆಚ್ಚಾಗಿ ಇಂಗ್ಲಿಷಿನ ಸಾರಾಂಶ ಮಾತ್ರ. ಆ ನಾಲ್ಕು ಸಾಲು ಎಡವಿದರೆ ಇಡೀ ಪ್ರಬಂಧವೇ ಎಡವಿದಂತೆ.

ಎಡವಲು ಬೇಕಾದಷ್ಟು ಜಾಗಗಳಿವೆ. ಹುಟ್ಟಿದ ಮಗುವಿನ ವಸಡಿನ ದಿಂಡಿನ ಮೇಲೆ, ಮುಂದಿನ ಹಲ್ಲು ಮತ್ತು ಕೋರೆಹಲ್ಲು ಬರುವ ಕಡೆ, ತೆಳುವಾದ ನಾರಿನ ಎಳೆಯೊಂದು ಎದ್ದು ಕಾಣುತ್ತದೆ. ಮೊಲೆ ಹಿಡಿಯುವಾಗ ಬಾಯಿ ಬಿಗಿಯಾಗಿ ಕೂರಲು ಅದರ ನೆರವಿದೆ ಎನ್ನುತ್ತಾರೆ. ಹಲ್ಲು ಮೂಡುವ ಹೊತ್ತಿಗೆ ಮಾಯವಾಗುತ್ತದೆ. ಬ್ರೆಜಿಲಿನ ಪುಸ್ತಕಗಳು ಇದಕ್ಕೆ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳ ಹೆಸರಿಟ್ಟು ‘ರೋಬಾಂ ಮತ್ತು ಮಜಿತೊ ನಾರುಹುರಿ’ ಎನ್ನುತ್ತವೆ. ಆ ಹೆಸರನ್ನು ಹಾಗೇ ಇಂಗ್ಲಿಷಿಗೆ ಇಳಿಸಿದರೆ ಎಷ್ಟೋ ಓದುಗರು ಅದನ್ನು ಯಾವುದೋ ಅಪರೂಪದ ಕಾಯಿಲೆ ಎಂದುಕೊಂಡಾರು. ಹೆಸರು ಇರಲಿ, ಜೊತೆಗೆ ಅದು ಎಲ್ಲಿದೆ, ಏನು ಮಾಡುತ್ತದೆ ಎಂಬ ಒಂದು ವಾಕ್ಯವೂ ಇರಲಿ. ಮೂಲಕ್ಕಿಂತ ಒಂದು ಸಾಲು ಹೆಚ್ಚಾಯಿತೆಂದು ಸಂಪಾದಕರು ಗೊಣಗಿದರೂ ಇಲ್ಲಿ ಅನುವಾದಕರು ಪಟ್ಟು ಬಿಡಬಾರದು.

ಬಿಳಿ ಚುಕ್ಕೆಗಳ ವಿಷಯ ಇನ್ನೂ ಸೂಕ್ಷ್ಮ. ಎಷ್ಟೋ ನವಜಾತ ಶಿಶುಗಳ ಬಾಯಲ್ಲಿ ಸಾಸಿವೆ ಗಾತ್ರದ, ಗಟ್ಟಿಯಾದ ಬಿಳಿ ಗುಳ್ಳೆಗಳು ಕಾಣುತ್ತವೆ. ಆಗಲೇ ಹಲ್ಲು ಬಂತೇ ಎಂದು ಮನೆಯವರಿಗೆ ದಿಗಿಲು. ಅಂಗುಳಿನ ನಡುಗೆರೆಯ ಮೇಲಿದ್ದರೆ ಅವು ಎಪ್ಸ್ಟೈನ್ ಮುತ್ತುಗಳು. ದಿಂಡಿನ ಪಕ್ಕಗಳಲ್ಲಿದ್ದರೆ ಬೋನ್ ಗಂಟುಗಳು. ದಿಂಡಿನ ನೆತ್ತಿಯ ಮೇಲಿದ್ದರೆ, ಹಲ್ಲು ಹುಟ್ಟುವ ಪದರದ ಉಳಿಕೆಯಿಂದಾದ ಗುಳ್ಳೆಗಳು. ಮೂರೂ ನಿರುಪದ್ರವಿ, ತಾವಾಗಿಯೇ ಹೋಗುತ್ತವೆ. ತೊಂದರೆ ಏನೆಂದರೆ, ಎರಡೂ ಭಾಷೆಗಳಲ್ಲಿ ವೈದ್ಯರೇ ಈ ಹೆಸರುಗಳನ್ನು ಅದಲುಬದಲಾಗಿ ಬಳಸುತ್ತಾರೆ. ಆದ್ದರಿಂದ ಅನುವಾದಕರು ಹೆಸರಿಗಿಂತ ಜಾಗವನ್ನು ನೋಡಬೇಕು. ಗುಳ್ಳೆ ಇರುವುದು ಅಂಗುಳಿನಲ್ಲೋ ದಿಂಡಿನಲ್ಲೋ ಎಂದು ಮೂಲದಲ್ಲಿ ಹೇಳಿದ್ದರೆ ಅದೇ ಆಧಾರ. ಹೇಳಿಲ್ಲದಿದ್ದರೆ ಲೇಖಕರಿಗೇ ಪತ್ರ ಬರೆದು ಕೇಳಬೇಕು. ಊಹೆಗೆ ಇಲ್ಲಿ ಜಾಗವಿಲ್ಲ.

ನಿಜಕ್ಕೂ ಹಲ್ಲು ಇಟ್ಟುಕೊಂಡೇ ಹುಟ್ಟುವ ಮಕ್ಕಳೂ ಇದ್ದಾರೆ. ಅಂಥ ಹಲ್ಲಿಗೆ ಪೋರ್ಚುಗೀಸಿನಲ್ಲಿ ‘ದೆಂತೆ ನತಾಲ್’ ಎನ್ನುತ್ತಾರೆ. ನತಾಲ್ ಎಂದರೆ ಕ್ರಿಸ್‌ಮಸ್ ಕೂಡ; ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಬಾಯಲ್ಲಿರುವ ‘ನತಾಲ್’ ಇದೇ ಪದ. ಆದರೆ ದೊಡ್ಡ ಅಪಾಯ ಇರುವುದು ಮುಂದಿನ ಮಾತಿನಲ್ಲಿ. ಆ ಹಲ್ಲು ‘ಸೆರಿಯೆ ನೊರ್ಮಾಲ್’ಗೆ ಸೇರಿದ್ದು ಎಂದು ವೈದ್ಯರು ಬರೆದಿರುತ್ತಾರೆ. ಅಂದರೆ ಅದು ಹೆಚ್ಚುವರಿ ಹಲ್ಲಲ್ಲ, ಬೇಗ ಹೊರಬಂದ ಹಾಲುಹಲ್ಲೇ. ಬಹುತೇಕ ಹಾಗೇ ಇರುತ್ತದೆ, ಅದೂ ಕೆಳಗಿನ ಮುಂಭಾಗದ ಹಲ್ಲು. ಕಿತ್ತರೆ ಆ ಜಾಗಕ್ಕೆ ಇನ್ನೊಂದು ಹಾಲುಹಲ್ಲು ಬರುವುದಿಲ್ಲ. ಈ ಎರಡು ಪದ ಇಂಗ್ಲಿಷಿನಲ್ಲಿ ಮಸುಕಾದರೆ ಕೀಳುವುದೋ ಬಿಡುವುದೋ ಎಂಬ ತೀರ್ಮಾನವೇ ಬದಲಾದೀತು.

ವಯಸ್ಸಿನ ಲೆಕ್ಕವೂ ಹೊಂದುವುದಿಲ್ಲ. ಬ್ರೆಜಿಲಿನ ಶಿಶು ದಂತವೈದ್ಯಕೀಯದಲ್ಲಿ ‘ಬೆಬೆ’ ಎಂದರೆ ಸಾಮಾನ್ಯವಾಗಿ ಮೂರು ವರ್ಷದವರೆಗಿನ ಮಗು. ಇಂಗ್ಲಿಷಿನ ವೈದ್ಯರಿಗೆ ‘ಇನ್‌ಫಂಟ್’ ಎಂದರೆ ಒಂದು ವರ್ಷದೊಳಗಿನ ಕೂಸು. ಬಾಯಿ ತುಂಬ ಹಲ್ಲಿರುವ ಮಗುವಿಗೆ ಹೇಳಿದ ಮಾತನ್ನು ವಸಡಷ್ಟೇ ಇರುವ ಕೂಸಿಗೆ ಅಂಟಿಸಿದರೆ ಹೇಗೆ? ತಿಂಗಳ ಲೆಕ್ಕ ಬರೆಯುವುದೇ ಕ್ಷೇಮ.

ನಾಲಿಗೆಯ ಅಡಿಯ ಪೊರೆಗೆ ಪೋರ್ಚುಗೀಸಿನಲ್ಲಿ ‘ಫ್ರೇಯು’ ಎನ್ನುತ್ತಾರೆ. ವಾಹನದ ಬ್ರೇಕಿಗೂ ಅದೇ ಪದ. 2014ರಿಂದ ಬ್ರೆಜಿಲಿನ ಹೆರಿಗೆ ಆಸ್ಪತ್ರೆಗಳಲ್ಲಿ ಪ್ರತಿ ನವಜಾತ ಶಿಶುವಿನ ಈ ಪೊರೆಯನ್ನು ಪರೀಕ್ಷಿಸಬೇಕೆಂದು ಕಾನೂನೇ ಇದೆ. ಬಾಯಲ್ಲಿ ಬಿಳಿ ಅಗ್ರ ಬಂದರೆ ಅಲ್ಲಿನ ತಾಯಂದಿರು ‘ಸಪಿನ್ಯು’, ಅಂದರೆ ಪುಟ್ಟ ಕಪ್ಪೆ, ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಥ್ರಷ್’. ಸಾವೊ ಪೌಲೊದಲ್ಲಿರುವ ಬಿರೆಮೆ ಸಂಸ್ಥೆ ಆರೋಗ್ಯ ಪದಗಳ ಬಹುಭಾಷಾ ಕೋಶವನ್ನು ರೂಪಿಸಿದೆ. ಪ್ರಬಂಧದ ಪದಗಳಿಗೆ ಅದು ದೊಡ್ಡ ಆಸರೆ. ತಾಯಂದಿರ ಮಾತಿಗೆ ಮಾತ್ರ ಅವರನ್ನೇ ಕೇಳಿಸಿಕೊಳ್ಳಬೇಕು.

ಕೊನೆಗೆ ಓದುವವರು ಯಾರು ಎಂಬ ಪ್ರಶ್ನೆ. ಮಗುವಿನ ಬಾಯಿಗಿಡುವ ರಬ್ಬರ್ ನಿಪ್ಪಲ್, ‘ಶುಪೆತ’, ಲಂಡನ್ನಿನಲ್ಲಿ ‘ಡಮ್ಮಿ’, ಅಮೆರಿಕದಲ್ಲಿ ‘ಪ್ಯಾಸಿಫಯರ್’. ವಸಡಿಗೆ ‘ಜಿಂಜೈವ’ ಎಂದರೆ ಸಂಶೋಧಕರಿಗೆ ಸಲ್ಲುತ್ತದೆ. ಆಸ್ಪತ್ರೆಯಲ್ಲಿ ಬಾಣಂತಿಯ ಕೈಗೆ ಕೊಡುವ ಹಾಳೆಯಲ್ಲಿ ‘ಗಮ್ಸ್’ ಎಂದೇ ಇರಬೇಕು, ಬಿಳಿ ಗುಳ್ಳೆಯ ಸಾಲಿನ ಪಕ್ಕದಲ್ಲೇ ‘ಇದಕ್ಕೆ ಔಷಧ ಬೇಡ, ಚಿವುಟಬೇಡಿ’ ಎಂದೂ ಇರಬೇಕು.