ಗೌರಿ ಗೆದ್ದಳು, ಕಥೆ ಸೋತಿತು

ಸಂಜೆ ಬೇಗ ರೊಟ್ಟಿ ಬಡಿದಿಟ್ಟು ‘ಪುಟ್ಟಗೌರಿ ಮದುವೆ’ ನೋಡಲು ಕೂತವರು ಸೇಡಂ, ಚಿತ್ತಾಪುರ, ವಾಡಿ ಕಡೆ ಕಡಿಮೆಯೇ? ಹಿಂದಿಯ ‘ಬಾಲಿಕಾ ವಧು’ವಿನಿಂದ ಬಂದು 2012ರಿಂದ 2018ರವರೆಗೆ ಓಡಿದ ಧಾರಾವಾಹಿ. ಆಡುವ ವಯಸ್ಸಿನಲ್ಲಿ ತಾಳಿ ಬಿದ್ದ ಹುಡುಗಿಯ ಕಥೆ. ನಮ್ಮ ಓಣಿಯದೇ ಅನ್ನಿ. ಬಾಲೆಯಾಗಿ ಸಾನ್ಯಾ ಅಯ್ಯರ್, ದೊಡ್ಡವಳಾಗಿ ರಂಜನಿ ರಾಘವನ್. ರಂಜನಿ ಬಾಯಿಬಿಡದೆ ಕಣ್ಣಲ್ಲೇ ಹೇಳಿದ ಸಂಕಟ ಹೆಣ್ಣುಮಕ್ಕಳಿಗೆಲ್ಲ ತಿಳಿಯಿತು.

ಕಥೆ ಬರೆಯುವವರು ಮಾತ್ರ 2017ರಲ್ಲಿ ಆಕೆಯನ್ನು ಬೆಟ್ಟದಿಂದ ಕೆಡವಿ, ಮತ್ತೆ ಬದುಕಿಸಿ ತಂದರು. ಊರೆಲ್ಲ ನಕ್ಕಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಕಾನೂನು ತಿದ್ದುಪಡಿಯಾಯಿತು: ಇನ್ನು ಮುಂದೆ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಗೌರಿ ಇನ್ನೊಬ್ಬ ಹುಡುಗಿಯ ಮದುವೆ ಹಂದರದಲ್ಲಿ ನಿಂತು ಆ ಮಾತು ಹೇಳಿದ್ದರೆ? ಹದಿನಾಲ್ಕರ ಮಗಳಿಗೆ ವರ ನೋಡುತ್ತಿರುವ ತಾಯಿಗೆ ಬೇಕಾಗಿದ್ದದ್ದು ಅಂಥ ಕಂತು, ಬೆಟ್ಟದ್ದಲ್ಲ.