ಸೊಂಟಕ್ಕೆ ಅಂಟಿಸುವ ನೋವಿನ ಪಟ್ಟಿ: ಅದೂ ಔಷಧವೇ, ಅರಿತು ಬಳಸಿರಿ



ಸಕ್ಕರೆ ಕಾರ್ಖಾನೆಗಳ ಚಿಮಣಿಯಲ್ಲಿ ಹೊಗೆ ಕಾಣಿಸಿತೆಂದರೆ ನಮ್ಮ ಭಾಗದಲ್ಲಿ ಸೊಂಟನೋವಿನ ಹಂಗಾಮೂ ಶುರುವಾದಂತೆ. ಬೆಳಗಿನ ಚಳಿಯಲ್ಲಿ ಬಾಗಿ ಕಬ್ಬು ಕಡಿಯುವವರು, ತಲೆಯ ಮೇಲೆ ಹೊರೆ ಹೊತ್ತು ಟ್ರಾಲಿ ತುಂಬುವವರು, ಗಡಹಿಂಗ್ಲಜದ ಕಡೆ ದಿನವಿಡೀ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುವ ತಾಯಂದಿರು, ಇಚಲಕರಂಜಿಯಲ್ಲಿ ಹನ್ನೆರಡು ತಾಸು ಮಗ್ಗದ ಮುಂದೆ ನಿಲ್ಲುವ ತರುಣರು, ಎಲ್ಲರಿಗೂ ಸಂಜೆಗೆ ಒಂದೇ ಮಾತು: “ಸೊಂಟ ಹಿಡಿದಿದೆ, ಭುಜ ಎತ್ತಲಾಗದು.”

ಹಿಂದೆ ಎಣ್ಣೆ ತಿಕ್ಕಿ, ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಶಾಖ ಕೊಡುತ್ತಿದ್ದರು. ತೀರ ನೋವಾದರೆ ಪೇಟೆಯಿಂದ ಬೆಲ್ಲಡೋನಾ ಪ್ಲಾಸ್ಟರ್ ತರುತ್ತಿದ್ದರು. ಈಗ ಔಷಧದ ಅಂಗಡಿಯಲ್ಲಿ ಬಗೆಬಗೆಯ ಪಟ್ಟಿಗಳು ವೈದ್ಯರ ಚೀಟಿಯಿಲ್ಲದೆ ಸಿಗುತ್ತವೆ. ಹೊಟ್ಟೆಗೆ ಹೋಗುವುದಿಲ್ಲವಲ್ಲ, ಏನೂ ಅಪಾಯವಿಲ್ಲ ಎಂದು ನಾವು ತಿಳಿಯುತ್ತೇವೆ. ಆದರೆ ಚರ್ಮ ಗೋಡೆಯಲ್ಲ. ಪಟ್ಟಿಯಲ್ಲಿರುವ ಔಷಧದ ಒಂದು ಪಾಲು ಚರ್ಮದ ಮೂಲಕ ಇಳಿದು ರಕ್ತ ಸೇರುತ್ತದೆ. ಆದ್ದರಿಂದ ಮಾತ್ರೆಯಂತೆ ಪಟ್ಟಿಗೂ ಅಳತೆಯಿದೆ, ಹೊತ್ತಿದೆ, ಪಥ್ಯವಿದೆ.

ಪಟ್ಟಿಯಲ್ಲಿ ಏನಿರುತ್ತದೆ?

ಎಲ್ಲ ಪಟ್ಟಿಗಳೂ ಒಂದೇ ಅಲ್ಲ. ಮೊದಲನೆಯ ಬಗೆಯಲ್ಲಿ ಮೆಂಥಾಲ್, ಕರ್ಪೂರ ಮತ್ತು ಮಿಥೈಲ್ ಸ್ಯಾಲಿಸಿಲೇಟ್ ಇರುತ್ತವೆ. ಈ ಮಿಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ ಮಾತ್ರೆಯ ಸಂಬಂಧಿ. ವಿಂಟರ್‌ಗ್ರೀನ್ ಎಣ್ಣೆ ಎಂದು ಮಾರುವುದೂ ಇದನ್ನೇ. ಆ ಶುದ್ಧ ಎಣ್ಣೆಯ ಒಂದು ಚಹಾ ಚಮಚದಲ್ಲಿ ಇಪ್ಪತ್ತು ಆಸ್ಪಿರಿನ್ ಮಾತ್ರೆಗಳಷ್ಟು ಔಷಧವಿದೆ. ಚಿಕ್ಕ ಮಗು ಕುಡಿದರೆ ಜೀವಕ್ಕೇ ಅಪಾಯ.

ಎರಡನೆಯ ಬಗೆಯಲ್ಲಿ ಕ್ಯಾಪ್ಸೈಸಿನ್ ಇದೆ. ಇದು ನಮಗೆ ಹೊಸದಲ್ಲ. ಸಂಕೇಶ್ವರಿ ಮೆಣಸಿನಕಾಯಿಯ ಖಾರವೇ ಅದು. ತೊಟ್ಟು ಮುರಿದ ಕೈ ರಾತ್ರಿಯೆಲ್ಲ ಉರಿಯುವುದು, ಆ ಕೈ ಕಣ್ಣಿಗೆ ತಗಲಿದರೆ ಆಗುವ ಪಾಡು ನಮ್ಮ ತಾಯಂದಿರಿಗೆ ಗೊತ್ತು. ಆ ಖಾರ ಬರಿ ನೀರಿಗೆ ಹೋಗದು, ಎಣ್ಣೆ ಅಥವಾ ಸಾಬೂನು ಬೇಕು. ಈ ಪಟ್ಟಿ ಮುಟ್ಟಿದ ಕೈಗೂ ಅದೇ ನಿಯಮ.

ಮೂರನೆಯ ಬಗೆಯಲ್ಲಿ ಡೈಕ್ಲೋಫಿನ್ಯಾಕ್ ಅಥವಾ ಕೀಟೊಪ್ರೊಫೆನ್ ಎಂಬ ಬಾವು ಇಳಿಸುವ ಔಷಧ ಇರುತ್ತದೆ. ಕೀಟೊಪ್ರೊಫೆನ್ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗಬಹುದು. ಪಟ್ಟಿ ತೆಗೆದ ಮೇಲೂ ಎರಡು ವಾರ ಆ ಜಾಗವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಹೊಲದಲ್ಲಿ ದುಡಿಯುವವರು ಇದನ್ನು ನೆನಪಿಡಬೇಕು. ನಾಲ್ಕನೆಯದು ಲಿಡೊಕೇನ್, ಚರ್ಮವನ್ನು ಜೋಮು ಹಿಡಿಸುವ ಔಷಧ.

ಡಬ್ಬಿಯ ಮೇಲಿನ ಅಕ್ಷರ ಇಂಗ್ಲಿಷಿನಲ್ಲಿದ್ದರೆ ಅಂಗಡಿಯವರಿಂದಲೋ ಕಾಲೇಜಿಗೆ ಹೋಗುವ ಮಕ್ಕಳಿಂದಲೋ ಓದಿಸಿ ಕೇಳಿರಿ. ಅದರಲ್ಲಿ ಸಂಕೋಚವೇನು?

ಅಪಾಯ ನಿಜವೇ?

ಸರಿಯಾಗಿ ಬಳಸಿದರೆ ಹೆಚ್ಚಿನವರಿಗೆ ತೊಂದರೆಯಾಗದು. ಆದರೆ 2012ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಒಂದು ಎಚ್ಚರಿಕೆ ನೀಡಿತು. ಮೆಂಥಾಲ್, ಮಿಥೈಲ್ ಸ್ಯಾಲಿಸಿಲೇಟ್, ಕ್ಯಾಪ್ಸೈಸಿನ್ ಇರುವ ಮುಲಾಮು ಮತ್ತು ಪಟ್ಟಿಗಳಿಂದ ಚರ್ಮ ಸುಟ್ಟ 43 ಪ್ರಕರಣಗಳು ಅಲ್ಲಿ ದಾಖಲಾಗಿದ್ದವು. ಕೆಲವರಿಗೆ ಮೊದಲ ಸಲ ಹಚ್ಚಿದ ಒಂದು ದಿನದೊಳಗೇ ಬೊಬ್ಬೆ ಎದ್ದಿತ್ತು. 2007ರಲ್ಲಿ ನ್ಯೂಯಾರ್ಕಿನ 17 ವರ್ಷದ ಓಟಗಾರ್ತಿಯೊಬ್ಬಳು ಕಾಲುನೋವಿಗೆಂದು ಇಂಥ ಔಷಧಗಳನ್ನು ಅತಿಯಾಗಿ ಬಳಸಿ, ಮೈಯಲ್ಲಿ ಸ್ಯಾಲಿಸಿಲೇಟ್ ವಿಷವೇರಿ ತೀರಿಕೊಂಡಳು. ಇಂಥದ್ದು ಅಪರೂಪ. ಆದರೆ “ಹೆಚ್ಚು ಹಚ್ಚಿದಷ್ಟು ಬೇಗ ಗುಣ” ಎಂಬ ನಮ್ಮ ನಂಬಿಕೆ ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಸಾಕ್ಷಿ.

ಹಚ್ಚುವ ಕ್ರಮ

1. ಜಾಗವನ್ನು ತೊಳೆದು ಪೂರ್ತಿ ಒಣಗಿಸಿರಿ. ಬೆಳೆಗೆ ಕೀಟನಾಶಕ ಹೊಡೆದು ಬಂದ ದಿನ ಸಾಬೂನು ಹಚ್ಚಿ ಸ್ನಾನ ಮಾಡದೆ ಪಟ್ಟಿ ಅಂಟಿಸಲೇಬೇಡಿರಿ. ಪಟ್ಟಿಯ ಕೆಳಗೆ ಸಿಕ್ಕಿಕೊಂಡ ವಿಷ ಚರ್ಮದೊಳಗೆ ಹೆಚ್ಚು ಇಳಿಯುತ್ತದೆ.

2. ಗಾಯ, ಕಬ್ಬಿನ ರವುದಿ ತರಚಿದ ಜಾಗ, ಕಜ್ಜಿ, ಸರ್ಪಸುತ್ತಿನ ಗುಳ್ಳೆ ಇವುಗಳ ಮೇಲೆ ಹಚ್ಚಬಾರದು. ಕಣ್ಣು, ಬಾಯಿ, ಗುಪ್ತಾಂಗಗಳ ಹತ್ತಿರವೂ ಬೇಡ.

3. ಒಂದು ಸಲಕ್ಕೆ ಒಂದೇ ಪಟ್ಟಿ. ಮಿಥೈಲ್ ಸ್ಯಾಲಿಸಿಲೇಟ್ ಇರುವ ಸಾಮಾನ್ಯ ಪಟ್ಟಿಯನ್ನು 8ರಿಂದ 12 ತಾಸಿಗಿಂತ ಹೆಚ್ಚು ಇಡಬಾರದು, ದಿನಕ್ಕೆ ಎರಡಕ್ಕಿಂತ ಹೆಚ್ಚು ಬಳಸಬಾರದು, ಸತತ ಮೂರು ದಿನ ದಾಟಬಾರದು. ಬೇರೆ ಬಗೆಯದಾದರೆ ಅದರ ಡಬ್ಬಿಯ ಸೂಚನೆಯಂತೆ ನಡೆಯಿರಿ.

4. ಪಟ್ಟಿಯ ಮೇಲೆ ಬಿಸಿ ನೀರಿನ ಚೀಲ, ಇಟ್ಟಿಗೆ, ಒಲೆಯ ಕಾವು ಯಾವುದೂ ಬೇಡ. ಬಿಗಿಯಾಗಿ ಬಟ್ಟೆ ಕಟ್ಟುವುದೂ ಬೇಡ. ಬಿಸಿ ತಗಲಿದರೆ ಔಷಧ ಒಮ್ಮೆಲೇ ಒಳಗಿಳಿದು ಚರ್ಮವನ್ನೂ ಸುಡುತ್ತದೆ. ಶಾಖ ಬೇಕಿದ್ದರೆ ಪಟ್ಟಿ ಇಲ್ಲದ ದಿನ ಕೊಡಿರಿ.

5. ಬಿಸಿನೀರಿನ ಸ್ನಾನಕ್ಕೆ ಒಂದು ತಾಸು ಮೊದಲೇ ಪಟ್ಟಿ ತೆಗೆಯಿರಿ. ಹಚ್ಚಿದ ಮೇಲೆ, ತೆಗೆದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

6. ತುಸು ತಂಪು ಅಥವಾ ಬೆಚ್ಚಗೆ ಅನಿಸುವುದು ಸಹಜ. ಉರಿ ಅಥವಾ ನೋವು ಹೆಚ್ಚಾದರೆ, ಬೊಬ್ಬೆ ಎದ್ದರೆ ಕೂಡಲೇ ತೆಗೆದು ತೊಳೆದು ವೈದ್ಯರಿಗೆ ತೋರಿಸಿರಿ. ತಾಳಿಕೊಂಡು ಮಲಗಬೇಡಿರಿ.

7. ಬಳಸಿದ ಪಟ್ಟಿಯಲ್ಲಿ ಇನ್ನೂ ಔಷಧ ಉಳಿದಿರುತ್ತದೆ. ಅಂಟಿನ ಬದಿಯನ್ನು ಒಳಗೆ ಮಡಚಿ, ಮಕ್ಕಳಿಗೂ ನಾಯಿಗೂ ಸಿಗದಂತೆ ಹಾಕಿರಿ.

ಯಾರು ಕೇಳದೆ ಹಚ್ಚಬಾರದು?

ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್, ಅಸಿನೊಕುಮರಾಲ್‌ನಂಥ ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮೊದಲನೆಯವರು. ಸ್ಯಾಲಿಸಿಲೇಟ್ ಸೇರಿದರೆ ಅವರಿಗೆ ರಕ್ತಸ್ರಾವವಾಗಬಹುದು. ಆಸ್ಪಿರಿನ್ ಅಥವಾ ನೋವಿನ ಮಾತ್ರೆಯಿಂದ ದಮ್ಮು ಏರುವವರು, ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ಕಾಯಿಲೆಯವರು, ಗರ್ಭಿಣಿಯರು, ಅದರಲ್ಲೂ ಐದು ತಿಂಗಳು ತುಂಬಿದವರು, ವೈದ್ಯರನ್ನು ಕೇಳಿಯೇ ಬಳಸಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಬೆಲ್ಲಡೋನಾ ಪ್ಲಾಸ್ಟರ್ ಕಣ್ಣಿನ ಒತ್ತಡದ ರೋಗ ಇರುವವರಿಗೆ ಒಳ್ಳೆಯದಲ್ಲ. ಮಕ್ಕಳಿಗೆ ಈ ಯಾವ ಪಟ್ಟಿಯನ್ನೂ ನಾವಾಗಿಯೇ ಹಚ್ಚಬಾರದು.

ನಮ್ಮಲ್ಲಿ ಹೆಚ್ಚಾಗಿ ಆಗುವ ತಪ್ಪು ಬೇರೆಯೇ ಇದೆ. ಬೆನ್ನಿಗೆ ಡೈಕ್ಲೋಫಿನ್ಯಾಕ್ ಪಟ್ಟಿ, ಮೇಲೆ ಅದೇ ಔಷಧದ ಮಾತ್ರೆ, ಸಾಲದೆಂದು ಸಂಜೆ ಒಂದು ಇಂಜೆಕ್ಷನ್. ಮೂರೂ ಒಂದೇ ಔಷಧವೆಂದು ಯಾರಿಗೂ ತಿಳಿದಿರುವುದಿಲ್ಲ. ಬಿಸಿಲಲ್ಲಿ ನೀರು ಕಡಿಮೆ ಕುಡಿದು ದುಡಿಯುವ ದೇಹದಲ್ಲಿ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ವೈದ್ಯರ ಬಳಿ ಹೋದಾಗ “ಪಟ್ಟಿ ಹಚ್ಚಿದ್ದೇನೆ” ಎಂದು ತಪ್ಪದೆ ಹೇಳಿರಿ.

ಇನ್ನೊಂದು ಮಾತು. ಕ್ಯಾನ್ಸರ್ ರೋಗಿಗಳಿಗೆ ಕೊಡುವ ಫೆಂಟನಿಲ್ ಪಟ್ಟಿ ನೋಡಲು ಹೀಗೆಯೇ ಇದ್ದರೂ ಅದು ಅಫೀಮಿನ ಜಾತಿಯ ಅತಿ ಪ್ರಬಲ ಔಷಧ. ರೋಗಿಯ ಹೊರತು ಬೇರೆಯವರು ಅಂಟಿಸಿಕೊಂಡರೆ ಉಸಿರೇ ನಿಲ್ಲಬಹುದು. ಮನೆಯಲ್ಲಿ ಉಳಿದಿದ್ದರೆ ಆಸ್ಪತ್ರೆಗೆ ಮರಳಿಸಿರಿ.

ಎತ್ತಿನ ಹೆಗಲಿಗೆ ಬೇಡ

ನೊಗ ಒತ್ತಿ ಎತ್ತಿನ ಹೆಗಲು ಬಾತಾಗ ಮನೆಯಲ್ಲಿದ್ದ ನಮ್ಮ ಔಷಧವನ್ನೇ ಅದಕ್ಕೂ ಕೊಡುವವರಿದ್ದಾರೆ. ಡೈಕ್ಲೋಫಿನ್ಯಾಕ್ ಪಡೆದ ದನ ಸತ್ತರೆ, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಊರ ಹೊರಗೆ ಹಿಂಡುಹಿಂಡಾಗಿ ಕಾಣುತ್ತಿದ್ದ ಹದ್ದುಗಳು ಮಾಯವಾದದ್ದು ಹೀಗೆಯೇ. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಈ ಔಷಧವನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫಿನ್ಯಾಕ್ ಸೇರಿದವು. ಪಶುವೈದ್ಯರನ್ನು ಕೇಳಿದರೆ ಮೆಲೊಕ್ಸಿಕ್ಯಾಮ್‌ನಂಥ ಸುರಕ್ಷಿತ ಔಷಧ ಕೊಡುತ್ತಾರೆ. ಎತ್ತಿಗೆ ಮೊದಲು ಬೇಕಾದದ್ದು ವಿಶ್ರಾಂತಿ.

ಪಟ್ಟಿ ಮುಚ್ಚಿಡುವ ರೋಗ

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಎದೆ ಹಿಂಡಿದಂತಾಗಿ ನೋವು ಎಡಭುಜ, ತೋಳು, ದವಡೆ ಅಥವಾ ಬೆನ್ನಿಗೆ ಹರಿದರೆ, ಜೊತೆಗೆ ಬೆವರು, ಉಸಿರಾಟದ ಕಷ್ಟ ಇದ್ದರೆ ಅದು “ವಾಯು” ಅಲ್ಲ, ಹೊರೆ ಹೊತ್ತ ನೋವೂ ಅಲ್ಲ. ಪಟ್ಟಿ ಹಚ್ಚಿ ಬೆಳಗಾಗಲಿ ಎಂದು ಕಾಯಬೇಡಿರಿ. 108ಕ್ಕೆ ಫೋನು ಮಾಡಿರಿ. ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆ, ಇಚಲಕರಂಜಿಯ ಇಂದಿರಾ ಗಾಂಧಿ ಆಸ್ಪತ್ರೆ, ಕೊಲ್ಹಾಪುರದ ಸಿ.ಪಿ.ಆರ್. ಇವುಗಳಲ್ಲಿ ಹತ್ತಿರದ್ದಕ್ಕೆ ಹೋಗಿರಿ. ಸೊಂಟನೋವಿನ ಜೊತೆ ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಜ್ವರ ಬಂದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಅದೂ ಪಟ್ಟಿಯ ಕೆಲಸವಲ್ಲ. ವಾರ ಕಳೆದರೂ ನಿಲ್ಲದ ನೋವಿಗೆ ಕಾರಣ ಹುಡುಕಬೇಕು.

ಶುಭಸಂದೇಶದ ದಯಾಳು ಸಮಾರಿಯದವನನ್ನು ನೆನೆಯಿರಿ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ಅಷ್ಟಕ್ಕೇ ಬಿಡಲಿಲ್ಲ, ತನ್ನ ಕತ್ತೆಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಆರೈಕೆ ಮಾಡಿದ, ಖರ್ಚಿಗೆ ಹಣವನ್ನೂ ಕೊಟ್ಟ. ನಮ್ಮ ಮನೆಯ ಹಿರಿಯರ ಬೆನ್ನಿಗೆ ಪಟ್ಟಿ ಹಚ್ಚುವುದು ಕಟ್ಟು ಕಟ್ಟಿದಂತೆ. ಅದಕ್ಕೂ ಗುಣ ಕಾಣದಿದ್ದರೆ ಆಸ್ಪತ್ರೆಗೆ ಕರೆದೊಯ್ಯುವುದು, ಮರುದಿನ ಅವರ ಹೊರೆಯನ್ನು ನಾವು ಹೊರುವುದು ಉಳಿದ ಅರ್ಧ ಕೆಲಸ. ರೈತರ ಪಾಲಕ ಸಂತ ಇಸಿದೋರರು ನಿಮ್ಮ ಹೊಲ, ಮನೆ, ದನಕರುಗಳನ್ನು ಕಾಯಲಿ.